ಕಾನಡಿ: ನೆರೆಯವರ ಬಾಯಲ್ಲಿ ನಮ್ಮ ಹೆಸರು

ಮುಂಬಯಿಯ ಬಾಂದ್ರಾದಲ್ಲಿ ‘ಕನ್ನಡ’ ಎಂಬ ಪದ ಎರಡು ರೂಪ ತಾಳಿ ಬದುಕಿದೆ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಬ್ಯಾಂಕ್ ಕಟ್ಟಡದ ಹಣೆಯ ಮೇಲೆ ಅದು ‘ಕೆನರಾ’. ಹತ್ತಿರದ ಸರ್ಕಾರಿ ಕಾಲೊನಿಯಲ್ಲಿ, ಕಲಾನಗರದ ಸುತ್ತಮುತ್ತ, ಮರಾಠಿ ಬಾಯಲ್ಲಿ ಅದು ‘ಕಾನಡಿ’. ಮೊದಲನೆಯದನ್ನು ಓದಿದರೆ ನಮಗೆ ಹೆಮ್ಮೆ, ಎರಡನೆಯದು ಕಿವಿಗೆ ಬಿದ್ದರೆ ಮುನಿಸು. ಗಡಿಯ ಊರುಗಳಲ್ಲೂ ಮುಂಬಯಿಯಲ್ಲೂ ‘ಕಾನಡಿ’ ಎಂದರೆ ಹೀಯಾಳಿಕೆಯೆಂದು ತಿಳಿದ ಕನ್ನಡಿಗರಿದ್ದಾರೆ. ಆ ಪದದ ಚರಿತ್ರೆಯನ್ನು ಬಗೆದರೆ ಬೇರೆಯೇ ಸಂಗತಿ ಕಾಣುತ್ತದೆ.

‘ಕಾನಡಿ’ ಎಂಬುದು ನಾಲಗೆ ತಿರುಗದೆ ಕೆಡಿಸಿದ ರೂಪವಲ್ಲ. ಮರಾಠಿಯ ಧ್ವನಿ ನಿಯಮವನ್ನು ಅದು ಅಕ್ಷರಶಃ ಪಾಲಿಸಿದೆ. ಪ್ರಾಕೃತದ ಒತ್ತಕ್ಷರ ಮರಾಠಿಗೆ ಬರುವಾಗ ಒತ್ತು ಸಡಿಲುತ್ತದೆ, ಅದರ ಹಿಂದಿನ ಸ್ವರ ದೀರ್ಘವಾಗುತ್ತದೆ. ಸಂಸ್ಕೃತದ ‘ಹಸ್ತ’ ಪ್ರಾಕೃತದಲ್ಲಿ ‘ಹತ್ಥ’, ಮರಾಠಿಯಲ್ಲಿ ‘ಹಾತ್’. ‘ಸಪ್ತ’ವು ‘ಸತ್ತ’ವಾಗಿ ‘ಸಾತ್’ ಆಯಿತು. ‘ಕರ್ಣ’ವು ‘ಕಣ್ಣ’ವಾಗಿ ‘ಕಾನ್’ ಆಯಿತು. ಇದೇ ದಾರಿಯಲ್ಲಿ ‘ಕನ್ನಡ’ವು ‘ಕಾನಡಾ’ ಆಗಿ, ಗುಜರಾತಿ, ಬಂಗಾಲಿಗಳಂತೆ ‘ಇ’ಕಾರ ಹಚ್ಚಿಕೊಂಡು ‘ಕಾನಡಿ’ ಆಯಿತು. ನಿನ್ನೆ ಮೊನ್ನೆ ಕಡ ತಂದ ಪದಕ್ಕೆ ಇಂಥ ಮಾರ್ಪಾಟು ಆಗುವುದಿಲ್ಲ. ಮರಾಠಿ ತನ್ನ ರೂಪವನ್ನು ತಾನು ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲೇ ಕನ್ನಡಿಗರು ಅದರ ಮಗ್ಗುಲಲ್ಲಿದ್ದರು ಎಂಬುದಕ್ಕೆ ಈ ಪದವೇ ಸಾಕ್ಷಿ.

ಕಲ್ಲಿನ ಸಾಕ್ಷಿಯೂ ದೂರವಿಲ್ಲ. ಬಾಂದ್ರಾ ಇರುವುದು ಸಾಷ್ಟಿ ದ್ವೀಪದ ದಕ್ಷಿಣ ತುದಿಯಲ್ಲಿ. ಅದೇ ದ್ವೀಪದ ಉತ್ತರಕ್ಕಿರುವ ಕಾನ್ಹೇರಿ ಗುಹೆಗಳಲ್ಲಿ 9ನೆಯ ಶತಮಾನದ ಶಾಸನಗಳಿವೆ. ಅವುಗಳಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ, ಅವನ ಸಾಮಂತರಾಗಿ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರ ಹೆಸರಿದೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಸಾರಿದ ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಆಗ ‘ಕನ್ನಡ’ವೆಂಬುದು ಈ ಕರಾವಳಿಯಲ್ಲಿ ಆಳುವವರ ನುಡಿಯ ಹೆಸರಾಗಿತ್ತು.

13ನೆಯ ಶತಮಾನದ ಹೊತ್ತಿಗೆ ಪದ ದೇವರ ಮೈಮೇಲೇರಿತು. ಜ್ಞಾನೇಶ್ವರರ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ಅಭಂಗದಲ್ಲಿ ಪಂಢರಪುರದ ವಿಠ್ಠಲನನ್ನು ‘ಕಾನಡಾ’ ಎಂದೂ ‘ಕರ್ನಾಟಕು’ ಎಂದೂ ಕರೆದಿದೆ. ಮರಾಠಿಯ ಹಲವು ವ್ಯಾಖ್ಯಾನಕಾರರು ‘ಕಾನಡಾ’ ಎಂದರೆ ಬುದ್ಧಿಗೆ ನಿಲುಕದವನು, ‘ಕರ್ನಾಟಕು’ ಎಂದರೆ ನಾಟಕವಾಡುವವನು ಎಂದು ಅರ್ಥ ಹೇಳಿದರು. ಆದರೆ ಮರಾಠಿಯವರೇ ಆದ ವಿದ್ವಾಂಸ ರಾ. ಚಿಂ. ಢೇರೆ ‘ಶ್ರೀವಿಠ್ಠಲ: ಏಕ್ ಮಹಾಸಮನ್ವಯ’ದಲ್ಲಿ ಆ ದೇವರ ಕನ್ನಡ ಬೇರನ್ನು ಮುಚ್ಚುಮರೆಯಿಲ್ಲದೆ ತೋರಿಸಿದರು. ಆ ಕೃತಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಕಡೆಯಿಂದ ಸಂಶೋಧಕ ಶಂ. ಬಾ. ಜೋಶಿಯವರು ಮಹಾರಾಷ್ಟ್ರದ ಕನ್ನಡ ಪದರಗಳನ್ನು ಬಗೆಯಲು ಜೀವ ತೇಯ್ದರು. ತುಕಾರಾಮರ ಒಂದು ಅಭಂಗದಲ್ಲಿ ಕಾನಡಿ ಹೆಂಡತಿ, ಮರಾಠಿ ಗಂಡ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಅಲ್ಲಿ ನಗುವಿದೆ, ಹಗೆಯಿಲ್ಲ. ಹಿಂದೂಸ್ತಾನಿ ಸಂಗೀತದ ದರ್ಬಾರಿ ಕಾನಡಾ, ನಾಯಕಿ ಕಾನಡಾ ರಾಗಗಳಲ್ಲಿರುವುದೂ ಇದೇ ಹೆಸರು. ‘ಕಾನಡೆ’ ಎಂಬ ಅಡ್ಡಹೆಸರಿನ ಮರಾಠಿ ಮನೆತನಗಳು ಇಂದಿಗೂ ಇವೆ.

ಪೋರ್ಚುಗೀಸರು ಬಂದಾಗ ಪದ ಇನ್ನೊಂದು ಕವಲು ಹಿಡಿಯಿತು. 1534ರ ವಸಾಯಿ ಒಪ್ಪಂದದಿಂದ ಬಾಂದ್ರಾವೂ ಸಾಷ್ಟಿಯೂ ಅವರ ಕೈಸೇರಿದವು. ‘ಡ’ಕಾರವನ್ನು ‘ರ’ಕಾರವಾಗಿಸಿ ಅವರು ನಮ್ಮ ಕರಾವಳಿಯನ್ನು ‘ಕನಾರಾ’ ಎಂದರು. ಹೆಸರು ಅಲ್ಲಿಗೇ ನಿಲ್ಲಲಿಲ್ಲ. ಗೋವೆಯ ಕೊಂಕಣಿಯನ್ನೂ ಅವರು ‘ಕನಾರಿಂ’ ಭಾಷೆ ಎಂದು ಕರೆದರು. ಇಂಗ್ಲೆಂಡಿನಿಂದ ಬಂದ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದು, 1640ರಲ್ಲಿ ಅಚ್ಚಾದ ಕೊಂಕಣಿ ವ್ಯಾಕರಣದ ಹೆಸರಿನಲ್ಲೇ ಆ ಪದವಿದೆ. ಮುಂದೆ ‘ಕನಾರಿಂ’ ಎಂಬುದು ಗೋವೆಯ ಸ್ಥಳೀಯರನ್ನು ತುಚ್ಛವಾಗಿ ಕರೆಯುವ ಮಾತಾಯಿತು. ಇತ್ತ ಇಂಗ್ಲಿಷರ ಆಡಳಿತದಲ್ಲಿ ‘ಕೆನರಾ’ ಜಿಲ್ಲೆಯ ಹೆಸರಾಯಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕಟ್ಟಿದ ನಿಧಿಗೆ ಅದೇ ಹೆಸರಿಟ್ಟರು. ಅದೇ ಇಂದಿನ ಕೆನರಾ ಬ್ಯಾಂಕ್. ಪರದೇಶದವರು ತಿರುಚಿದ ಹೆಸರು ಹೀಗೆ ನಮ್ಮ ಹೆಮ್ಮೆಯಾಯಿತು, ನೆರೆಯವರು ನಿಯಮದಂತೆ ನುಡಿದ ಹೆಸರು ಚುಚ್ಚುಮಾತಾಯಿತು.

ಇಂಥದ್ದು ನಮಗಷ್ಟೇ ಆದದ್ದಲ್ಲ. ‘ಸ್ಕಾಟಿಶ್’ ಎಂಬುದನ್ನು ಇಂಗ್ಲಿಷರು ಮೊಟಕುಗೊಳಿಸಿ ‘ಸ್ಕಾಚ್’ ಎಂದರು. ಸ್ಕಾಟ್ಲೆಂಡಿನವರೂ ಬಹುಕಾಲ ತಮ್ಮನ್ನು ಹಾಗೆಯೇ ಕರೆದುಕೊಂಡರು. ಆಮೇಲೆ ಅದು ಇಂಗ್ಲಿಷರು ಅಂಟಿಸಿದ ಹೆಸರೆನಿಸಿ, ವಿಸ್ಕಿಗೆ ಬಿಟ್ಟುಕೊಟ್ಟು, ತಮಗೆ ‘ಸ್ಕಾಟ್ಸ್’, ‘ಸ್ಕಾಟಿಶ್’ ಎಂಬುದನ್ನೇ ಉಳಿಸಿಕೊಂಡರು. ಅವರ ಗೇಲಿಕ್ ನುಡಿಯಲ್ಲಿ ‘ಸ್ಯಾಕ್ಸನ್’ ಎಂಬ ಬರಿಯ ಕುಲನಾಮದಿಂದ ಬಂದ ‘ಸಾಸೆನಾಕ್’ ಇಂದು ಇಂಗ್ಲಿಷನನ್ನು ಚುಚ್ಚುವ ಪದ. 1707ರಿಂದ ಒಂದೇ ರಾಜ್ಯವಾಗಿದ್ದರೂ, 2014ರ ಜನಮತದಲ್ಲಿ ಶೇಕಡಾ 55ರಷ್ಟು ಜನ ಒಟ್ಟಿಗಿರೋಣ ಎಂದರೂ, ಹೆಸರಿನ ಮುನಿಸು ಹೋಗಿಲ್ಲ.

ನಮ್ಮ ಮುನಿಸಿಗೆ ಇಸವಿಗಳಿವೆ. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು, 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು. 1966ರಲ್ಲಿ ಶಿವಸೇನೆ ಹುಟ್ಟಿತು, ಅದೇ ವರ್ಷ ಎರಡೂ ರಾಜ್ಯಗಳ ಗಡಿ ವಿವಾದಕ್ಕೆ ಮಹಾಜನ ಆಯೋಗ ನೇಮಕವಾಯಿತು. ಮುಂದೆ ಬಾಂದ್ರಾ ಕಲಾನಗರದ ‘ಮಾತೋಶ್ರೀ’, ಶಿವಸೇನೆಯ ಸ್ಥಾಪಕರ ಮನೆ, ಆ ಪಕ್ಷದ ಕೇಂದ್ರವಾಯಿತು. ಆಯೋಗದ 1967ರ ವರದಿ ಬೆಳಗಾವಿಯನ್ನು ಮೈಸೂರು ರಾಜ್ಯದಲ್ಲೇ ಉಳಿಸಬೇಕೆಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 1969ರ ಫೆಬ್ರವರಿಯಲ್ಲಿ ಗಡಿಯ ಹೆಸರಿನಲ್ಲಿ ಮುಂಬಯಿ ಹೊತ್ತಿ ಉರಿಯಿತು, ಜೀವಗಳು ಹೋದವು, ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬಿದ್ದವು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಈ ವರ್ಷಗಳಲ್ಲೇ ‘ಕಾನಡಿ’ಗೆ ಮುಳ್ಳು ಮೂಡಿದ್ದು. ಸುಮಾರು ಏಳುನೂರು ವರ್ಷಗಳ ಹಿಂದೆ ದೇವರಿಗೆ ಸಂದ ಹೆಸರು ಹತ್ತಾರು ವರ್ಷಗಳ ಜಗಳದಲ್ಲಿ ಮಲಿನವಾಯಿತು.

ನ್ಯಾಯವಾಗಿ ನಮ್ಮ ಬಾಯನ್ನೂ ನೋಡಿಕೊಳ್ಳಬೇಕು. ಘಟ್ಟದಿಂದ ಇಳಿದು ಮುಂಬಯಿಗೆ ದುಡಿಯಲು ಬಂದ ಮರಾಠಿ ಬಡವನನ್ನು ‘ಘಾಟಿ’ ಎಂದು ಕರೆದವರಲ್ಲಿ ನಮ್ಮವರೂ ಇದ್ದಾರೆ. ‘ಘಟ್ಟದವನು’ ಎಂಬ ಸಾದಾ ಮಾತಿಗೆ ತಿರಸ್ಕಾರ ತುಂಬಿದ ಪಾಪದಲ್ಲಿ ನಮಗೂ ಪಾಲಿದೆ. ಹೆಸರಿನ ಬೇಲಿ ಭಾಷೆಗಳ ನಡುವೆ ಮಾತ್ರವಲ್ಲ. ಬಾಂದ್ರಾದ ಮೂಲ ಕ್ರೈಸ್ತರು ಗೋವೆಯವರಿಂದ, ಮಂಗಳೂರಿನವರಿಂದ ತಾವು ಬೇರೆ ಎಂದು ತೋರಿಸಲು 1887ರಲ್ಲಿ ‘ಈಸ್ಟ್ ಇಂಡಿಯನ್’ ಎಂಬ ಹೆಸರನ್ನು ತಾವೇ ಆರಿಸಿಕೊಂಡರು. ಒಂದೇ ಇಗರ್ಜಿಯಲ್ಲಿ ಮಂಡಿಯೂರುವವರ ನಡುವೆಯೂ ಹೆಸರಿನ ಗಡಿ ಎದ್ದಿತು.

‘ಕಾನಡಿ’ ಎಂಬುದನ್ನು ಬೈಗುಳದ ಪಟ್ಟಿಗೆ ಸೇರಿಸಿದರೆ ಮರಾಠಿಯ ಬುಡದಲ್ಲಿರುವ ನಮ್ಮದೇ ಗುರುತನ್ನು ನಾವೇ ಅಳಿಸಿದಂತಾಗುತ್ತದೆ. ಆ ಪದಕ್ಕೆ ಅಂಟಿದ ಕೊಳೆ ಜಗಳದ್ದು, ಪದದ್ದಲ್ಲ. ಗಡಿಯ ತೀರ್ಪನ್ನು ನ್ಯಾಯಾಲಯ ಕೊಡಲಿ. ಮುಂಬಯಿಯ ಕನ್ನಡಿಗರೇ, ನೆರೆಯವರು ನಿಮ್ಮನ್ನು ಕಾನಡಿ ಎಂದರೆ ‘ಹೌದು, ವಿಠ್ಠಲನಂತೆ’ ಎಂದು ಎದೆಯೆತ್ತಿ ಹೇಳಿ. ನಿಮ್ಮ ಮಾತಿನಿಂದ ‘ಘಾಟಿ’ಯನ್ನು ಇಂದೇ ತೆಗೆದುಹಾಕಿ.