ಬಿಸಿನೀರಿನ ಅಪಸ್ಮಾರ

ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಮೂರ್ಛೆರೋಗ. ಹೊರಗಿನ ಪ್ರಚೋದನೆಯಿಂದ ಸೆಳವು ಬರುವ ಪ್ರತಿವರ್ತಿ ಅಪಸ್ಮಾರಗಳಲ್ಲಿ ಇದೂ ಒಂದು. ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು. ಆದರೆ ವೈದ್ಯಲೋಕ ಇದನ್ನು ಚೆನ್ನಾಗಿ ಅರಿತದ್ದು ಕರ್ನಾಟಕದ ರೋಗಿಗಳಿಂದ. ಬೆಂಗಳೂರಿನ ನರರೋಗ ತಜ್ಞ ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದನ್ನು ದಾಖಲಿಸಿದರು. ನಿಮ್ಹಾನ್ಸ್‌ನ ಪಿ. ಸತೀಶ್‌ಚಂದ್ರ ಮತ್ತು ಸಹೋದ್ಯೋಗಿಗಳು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 279 ರೋಗಿಗಳಿದ್ದರು.

ಹೊನ್ನಾಳಿ ಸೀಮೆಯ ಸಾಸ್ವೆಹಳ್ಳಿಯಲ್ಲಾಗಲಿ, ಮೈಸೂರು ಕಡೆಯ ಹಳ್ಳಿಯಲ್ಲಾಗಲಿ ತಲೆಸ್ನಾನ ದಿನನಿತ್ಯದ್ದಲ್ಲ. ಕೆಲವು ದಿನಗಳಿಗೊಮ್ಮೆ, ವಾರಕ್ಕೊಮ್ಮೆ. ಹಂಡೆಯಲ್ಲಿ ಕಾದ, 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಚೊಂಬಿನಿಂದ ಬಿಡುವಿಲ್ಲದೆ ನೆತ್ತಿಗೆ ಸುರಿಯುತ್ತಾರೆ. ರೋಗವಿದ್ದವರಿಗೆ ಆಗಲೇ ಸೆಳವು ಬರುತ್ತದೆ. ದೃಷ್ಟಿ ಒಂದೇ ಕಡೆ ನೆಟ್ಟುಕೊಳ್ಳುತ್ತದೆ, ಮಾತು ಅಸಂಬದ್ಧವಾಗುತ್ತದೆ, ಕಾರಣವಿಲ್ಲದ ಭಯ ಆವರಿಸುತ್ತದೆ. ಕೆಲವರಿಗೆ ಇದು ಹಿತವೆನಿಸಿ, ಅರಿವು ತಪ್ಪುವವರೆಗೂ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಇದು ಹಟವಲ್ಲ, ದೆವ್ವದ ಕಾಟವೂ ಅಲ್ಲ. ಮಿದುಳಿನ ಒಂದು ಭಾಗದಲ್ಲಿ ಹುಟ್ಟಿದ ಸೆಳವಿನ ಲಕ್ಷಣ. ಮೇಲಿನ ಅಧ್ಯಯನದಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನರಿಗೆ ಇಂಥ ಸ್ಥಾನೀಯ ಸೆಳವೇ ಇತ್ತು. ಉಳಿದವರದು ಮೈಯೆಲ್ಲ ಸೆಟೆದು ಅದುರುವ ಫಿಟ್ಸ್. ಸ್ತ್ರೀಯರಿಗಿಂತ ಪುರುಷರಲ್ಲಿ ಹೆಚ್ಚು. ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿಯೂ ಬರುತ್ತದೆ. ಬೆಂಗಳೂರಿನ ಸಂಶೋಧಕರು 2009ರಲ್ಲಿ 10 ಮತ್ತು 4ನೇ ವರ್ಣತಂತುಗಳಲ್ಲಿ ಇದರ ನೆಲೆಗಳನ್ನು ಗುರುತಿಸಿದರು.

ಚಿಕಿತ್ಸೆಯ ಸಂಶೋಧನೆ ಒಂದು ಸರಳ ಪ್ರಶ್ನೆಯಿಂದ ಹೊರಟಿತು: ಸೆಳವು ಬಚ್ಚಲಮನೆಯಲ್ಲಷ್ಟೇ ಬರುವುದಾದರೆ ದಿನವೂ ಏಕೆ ಮಾತ್ರೆ ನುಂಗಬೇಕು? ತಲೆಸ್ನಾನಕ್ಕೆ ಒಂದೂವರೆಯಿಂದ ಎರಡು ಗಂಟೆ ಮೊದಲು 5ರಿಂದ 10 ಮಿಲಿಗ್ರಾಂ ಕ್ಲೋಬಜಾಮ್ ಕೊಟ್ಟು ನೋಡಿದಾಗ ಹಲವರಲ್ಲಿ ಸೆಳವು ಹತೋಟಿಗೆ ಬಂತು. ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ ಸಾಕಾದವರೂ ಇದ್ದಾರೆ. ಹಳ್ಳಿಯ ಬಡವರ ಪಾಲಿಗೆ ಈ ಉತ್ತರದ ಬೆಲೆ ದೊಡ್ಡದು.

ಆದರೆ ಎಲ್ಲರಿಗೂ ಇಷ್ಟೇ ಸಾಲದು. ಒಂದು ಪಾಲು ರೋಗಿಗಳಿಗೆ ವರ್ಷಗಳು ಕಳೆದಂತೆ ಬಿಸಿನೀರಿನ ಸಂಬಂಧವೇ ಇಲ್ಲದೆಯೂ ಸೆಳವು ಬರತೊಡಗುತ್ತದೆ. ಮತ್ತೆ ಮತ್ತೆ ಕಾವಿನ ಸೆಳವಿಗೆ ಒಳಗಾದ ಇಲಿಗಳ ಮಿದುಳು ಮುಂದೆ ಬೇಗನೆ ಸೆಳವಿಗೆ ಸಿಲುಕುತ್ತದೆಂದು ನಿಮ್ಹಾನ್ಸ್‌ನ ಪ್ರಯೋಗಗಳು ತೋರಿಸಿವೆ. ಸೆಳವನ್ನು ಆರಂಭದಲ್ಲೇ ತಡೆಯಬೇಕೆನ್ನುವುದು ಇದಕ್ಕಾಗಿಯೇ. ಹೀಗೆ ತಾನಾಗಿ ಬರುವ ಸೆಳವಿಗೆ ಕಾರ್ಬಮಜೆಪಿನ್, ಫೆನಿಟೋಯಿನ್‌ನಂಥ ಔಷಧಗಳನ್ನು ದಿನವೂ ತಪ್ಪದೆ ತೆಗೆದುಕೊಳ್ಳಬೇಕಾಗುತ್ತದೆ.

ಮಾತ್ರೆಯನ್ನು ಆರಂಭಿಸುವುದು, ನಿಲ್ಲಿಸುವುದು ಎರಡೂ ವೈದ್ಯರ ಸಲಹೆಯಂತೆಯೇ ಆಗಬೇಕು. ಈ ತೊಂದರೆ ಇರುವವರು ಸ್ನಾನಕ್ಕೆ ಹೋದಾಗ ಬಚ್ಚಲಮನೆಯ ಅಗುಳಿ ಹಾಕಿಕೊಳ್ಳಬಾರದು, ಮನೆಯವರೊಬ್ಬರು ಕೂಗಳತೆಯಲ್ಲಿರಬೇಕು.