ಈಜುಕೊಳದ ಮೊದಲ ಮೇಷ್ಟ್ರು ಡಾಕ್ಟರೇ ಅಲ್ಲ!

ನೀರಿನೊಳಗೆ ವ್ಯಾಯಾಮ ಮಾಡಿಸೋದು ಇವತ್ತು ಫಿಸಿಯೋಥೆರಪಿಯಲ್ಲಿ ಪ್ರತ್ಯೇಕ ತರಬೇತಿ ಬೇಡುವ ಕೆಲಸ. ಆದರೆ ಈ ವಿದ್ಯೆಯನ್ನು ಮೊದಮೊದಲು ಹೇಳಿಕೊಟ್ಟವರಲ್ಲಿ ಒಬ್ಬರು ಡಾಕ್ಟರಲ್ಲ, ಥೆರಪಿಸ್ಟೂ ಅಲ್ಲ. ಒಬ್ಬ ರೋಗಿ. ಮುಂದೆ ಅಮೆರಿಕದ ಅಧ್ಯಕ್ಷರೂ ಆದರು.

1921ರ ಆಗಸ್ಟ್. ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ ಆಗ 39 ವರ್ಷ. ಪೋಲಿಯೋ ಅಂದ್ರು ಡಾಕ್ಟರು. ಎರಡೂ ಕಾಲು ಬಿದ್ದುಹೋದವು. ಮೂರು ವರ್ಷ ಏನೇನೋ ಚಿಕಿತ್ಸೆ ಮಾಡಿಸಿ, 1924ರ ಅಕ್ಟೋಬರಿನಲ್ಲಿ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದರು. ಹಾಳುಬಿದ್ದ ಹಳೇ ಹೋಟೆಲು, ಪಕ್ಕದಲ್ಲೊಂದು ಕೊಳ. ಬೆಟ್ಟದಿಂದ ಹರಿದುಬರುವ ನೀರು ಸುಮಾರು 31 ಡಿಗ್ರಿ ಸೆಲ್ಸಿಯಸ್, ಅಂದ್ರೆ ಉಗುರುಬೆಚ್ಚಗೆ.

ನೀರಲ್ಲಿರೋ ಖನಿಜದಿಂದಲೇ ಕಾಲು ಬರುತ್ತೆ ಅಂತ ನಂಬಿದವರಿದ್ದರು. ನಿಜ ಬೇರೆ. ಕತ್ತಿನವರೆಗೆ ನೀರಿಗೆ ಇಳಿದು ನಿಂತರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು 10ರಲ್ಲಿ 1 ಪಾಲು. ದಡದ ಮೇಲೆ ಅಲುಗಾಡದ ಸ್ನಾಯುವೂ ನೀರಲ್ಲಿ ಅಷ್ಟಿಷ್ಟು ಕೆಲಸ ಮಾಡುತ್ತೆ. ನೀರು ಬೆಚ್ಚಗಿರೋದ್ರಿಂದ ಚಳಿ ಹಿಡಿಯದೆ ತುಂಬಾ ಹೊತ್ತು ಇರಬಹುದು. ಅಷ್ಟೇ ಗುಟ್ಟು. ಸತ್ತ ನರ ಮಾತ್ರ ನೀರಿನಿಂದ ಮತ್ತೆ ಹುಟ್ಟಲ್ಲ. ರೂಸ್‌ವೆಲ್ಟ್ ಕೊನೆವರೆಗೂ ಆಸರೆ ಇಲ್ಲದೆ ನಡೆಯಲಿಲ್ಲ.

ಅವರ ಬಗ್ಗೆ ಅಟ್ಲಾಂಟಾದ ಪತ್ರಿಕೆಯೊಂದು ಬರೆಯಿತು. ಸುದ್ದಿ ಹಬ್ಬಿತು. 1925ರ ವಸಂತಕ್ಕೆ ರೂಸ್‌ವೆಲ್ಟ್ ಮತ್ತೆ ಬರುವಷ್ಟರಲ್ಲಿ, ಯಾರೂ ಕರೆಯದೆಯೇ ಪೋಲಿಯೋ ರೋಗಿಗಳು ರೈಲು ಹತ್ತಿ ಬಂದಿದ್ದರು. ನೋಡ್ಕೊಳ್ಳೋಕೆ ಅಂತ ಸಿಬ್ಬಂದಿಯೇ ಇಲ್ಲ! ಆಗ ನೀರಿಗಿಳಿದು ವ್ಯಾಯಾಮ ತೋರಿಸಿದ್ದು ರೂಸ್‌ವೆಲ್ಟ್. 'ಡಾಕ್ಟರ್ ರೂಸ್‌ವೆಲ್ಟ್' ಅಂತ ತಮ್ಮನ್ನೇ ತಮಾಷೆ ಮಾಡ್ಕೊಳ್ತಿದ್ದರು. ತನ್ನ ಮೈಮೇಲೆ ಪಟ್ಟ ಪಾಡೇ ಅವರ ಪಠ್ಯಪುಸ್ತಕ.

ತಮಾಷೆಯಿಂದ ವೃತ್ತಿ ಆಗಲ್ಲ ಅಂತ ಅವರಿಗೇ ಗೊತ್ತಿತ್ತು. 1926ರಲ್ಲಿ ತಮ್ಮ ಆಸ್ತಿಯ ಬಹುಪಾಲು ಸುರಿದು ಜಾಗವನ್ನೇ ಕೊಂಡರು. ಡಾ. ಲೀರಾಯ್ ಹಬ್ಬರ್ಡ್ ಮತ್ತು ಫಿಸಿಯೋಥೆರಪಿಸ್ಟ್ ಹೆಲೆನಾ ಮಹೋನಿ ಬಂದರು. 23 ರೋಗಿಗಳ ಮೇಲೆ ನಿಗಾ ಇಟ್ಟು, ಸ್ನಾಯುಗಳ ಲೆಕ್ಕ ಬರೆದಿಟ್ಟರು. ಮಾರನೇ ವರ್ಷ ಪ್ರತಿಷ್ಠಾನ ನೋಂದಣಿಯಾಯಿತು. ನೀರಲ್ಲಿ ರೋಗಿಯನ್ನು ಹಿಡಿಯೋದು ಹೇಗೆ, ಯಾವ ಸ್ನಾಯುವಿಗೆ ಎಷ್ಟು ಕೆಲಸ ಕೊಡಬೇಕು ಅನ್ನೋದನ್ನು ಯುವತಿಯರು ಅಲ್ಲೇ ಕಲಿತರು.

ಇಲ್ಲೊಂದು ಕಹಿ ಸಂಗತಿ ಇದೆ, ಬಿಟ್ಟು ಮುಂದೆ ಹೋಗೋಕಾಗಲ್ಲ. ಈ ಕೊಳ ಬಿಳಿಯರಿಗೆ ಮಾತ್ರ. ಕೆಲಸಕ್ಕೆ ಕಪ್ಪು ಜನ ಬೇಕಿತ್ತು. ರೋಗಿಯಾಗಿ ಬಂದರೆ ಜಾಗ ಇಲ್ಲ. ಕಪ್ಪು ಮಕ್ಕಳಿಗಾಗಿ ಅಲಬಾಮಾದ ಟಸ್ಕೀಗಿಯಲ್ಲಿ ಪೋಲಿಯೋ ಕೇಂದ್ರ ತೆರೆದದ್ದು 1941ರಲ್ಲಿ. 36 ಹಾಸಿಗೆ. ಅಲ್ಲಿ ಚಿಕಿತ್ಸೆಯಷ್ಟೇ ಅಲ್ಲ, ಕಪ್ಪು ವೈದ್ಯರಿಗೆ, ನರ್ಸ್‌ಗಳಿಗೆ, ಥೆರಪಿಸ್ಟ್‌ಗಳಿಗೆ ತರಬೇತಿಯೂ ಶುರುವಾಯಿತು. ಬೇರೆ ಕಡೆ ಕಲಿಯೋಕೆ ಅವರಿಗೆ ಬಾಗಿಲು ಮುಚ್ಚಿತ್ತಲ್ಲ, ನನ್ನ ಪ್ರಕಾರ ಆ ಹಾಸಿಗೆಗಳಿಗಿಂತ ಇದೇ ದೊಡ್ಡದು.

ಇನ್ನೊಬ್ಬ ಮೇಷ್ಟ್ರು ಸಿಕ್ಕಿದ್ದು ಲಂಡನ್ನಿನಲ್ಲಿ. ಇವರೂ ವೈದ್ಯರಲ್ಲ! ಜೇಮ್ಸ್ ಮೆಕ್‌ಮಿಲನ್ ಒಬ್ಬ ಎಂಜಿನಿಯರ್, ದ್ರವಗಳ ಚಲನೆ ಬಲ್ಲವರು. 1949ರಲ್ಲಿ ಹ್ಯಾಲಿವಿಕ್ ಎಂಬ ಶಾಲೆಯ ಅಂಗವಿಕಲ ಹುಡುಗಿಯರಿಗೆ ಈಜು ಕಲಿಸೋಕೆ ಶುರುಮಾಡಿದರು. ಒಂದು ಕಾಲು ಸೊರಗಿದ್ದರೆ ಮೈ ನೀರಲ್ಲಿ ಒಂದೇ ಕಡೆಗೆ ಉರುಳುತ್ತೆ. ಹಾಗೆ ಉರುಳೋದನ್ನು ತಡೆಯೋಕೆ ಮೊದಲು ಕಲೀರಿ, ಕೈಕಾಲು ಬಡಿಯೋದು ಆಮೇಲೆ ಅಂದರು. ಇದೇ ಹತ್ತು ಹಂತಗಳ ಹ್ಯಾಲಿವಿಕ್ ಪದ್ಧತಿಯಾಯಿತು. 1970ರ ದಶಕದಲ್ಲಿ ಅವರು ಸ್ವಿಟ್ಜರ್ಲೆಂಡಿನ ಬಾಡ್ ರಾಗಾಜ್‌ಗೆ ಹೋಗಿ ಥೆರಪಿಸ್ಟ್‌ಗಳಿಗೇ ಪಾಠ ಮಾಡಿದರು.

ಅವರ ಒಂದು ಕಟ್ಟಪ್ಪಣೆ ಇವತ್ತಿಗೂ ನಡೆಯುತ್ತೆ: ತೋಳಿಗೆ ಗಾಳಿ ತುಂಬಿದ ಪಟ್ಟಿ ಬೇಡ, ಟ್ಯೂಬ್ ಬೇಡ. ಮಗುವಿನ ಜೊತೆ ಒಬ್ಬರು ನೀರಲ್ಲಿ ಇರಬೇಕು, ಎಷ್ಟು ಬೇಕೋ ಅಷ್ಟೇ ಹಿಡೀಬೇಕು, ಮಗು ತಾನೇ ಸಂಭಾಳಿಸಿಕೊಂಡ ಕ್ಷಣಕ್ಕೆ ಕೈ ಬಿಡಬೇಕು.