ಮಂಗನಿಗೆ ಕೊಟ್ಟ ಬಾಳೆಹಣ್ಣು: ಚರಿತ್ರೆಯ ಕೆಲವು ಪಾಠಗಳು

ಔರಾದ ತಾಲ್ಲೂಕಿನ ಸಂತಪುರದಲ್ಲಿ ಅದೊಂದು ಬೇಸಿಗೆಯ ಭಾನುವಾರ. ಬಲಿಪೂಜೆ ಮುಗಿದು ಜನರೆಲ್ಲ ಮನೆಗೆ ಹೊರಟಿದ್ದರು. ಎಂಟೊಂಬತ್ತು ವರ್ಷದ ಹುಡುಗನೊಬ್ಬ ಬಲಗೈಯನ್ನು ಜೇಬಿನಿಂದ ತೆಗೆಯದೆಯೇ ಆಶೀರ್ವಾದಕ್ಕೆಂದು ನನ್ನ ಮುಂದೆ ತಲೆಬಾಗಿ ನಿಂತ. ಕೈ ಹೊರತೆಗೆಸಿ ನೋಡಿದೆ. ಮುಂಗೈಯ ಮೇಲೆ ಎರಡು ಗೀರುಗಳು, ಅವುಗಳ ಮೇಲೆ ಒಣಗಿದ ಅರಿಶಿನ ಮತ್ತು ಸುಣ್ಣ. ಪಕ್ಕದಲ್ಲಿದ್ದ ಅಜ್ಜಿ ನಗುತ್ತಲೇ ಹೇಳಿದರು: "ಮಂಗ್ಯಾ ಕಚ್ಚಿಲ್ಲರಿ ಫಾದರ್, ಬಾಳೆಹಣ್ಣು ಕೊಡಾಕ ಹೋಗಿದ್ದ, ಜರಾ ಉಗುರು ತಾಗ್ಯಾದ." ಅದು ತಾಗಿ ಮೂರು ದಿನಗಳಾಗಿದ್ದವು.

ಅಂದೇ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದೆವು. ಲಸಿಕೆಗಳು ಕ್ರಮವಾಗಿ ಮುಗಿದವು, ಅವನು ಕ್ಷೇಮವಾಗಿದ್ದಾನೆ. ಆದರೆ ದಾರಿಯಲ್ಲಿ ಅವನು ಕೇಳಿದ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. "ಹಸಿದ ಪ್ರಾಣಿಗೆ ತಿನ್ನಾಕ ಕೊಟ್ರ ತಪ್ಪೇನ್ರಿ ಫಾದರ್?" ಹಸಿದವರಿಗೆ ಉಣಬಡಿಸಿರೆಂದು ವೇದಿಕೆಯಿಂದ ಪ್ರತಿ ವಾರ ಬೋಧಿಸುವ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಉತ್ತರವನ್ನು ಹುಡುಕುತ್ತಾ ಹಳೆಯ ಚರಿತ್ರೆಯ ಪುಟಗಳನ್ನು ತಿರುವಿದಾಗ ಕಂಡದ್ದನ್ನು ಓದುಗರೊಂದಿಗೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಪ್ರಾಣಿಗಳ ಕಡಿತದ ಭಯ ಮಾನವಕುಲದಷ್ಟೇ ಹಳೆಯದು. ಯೂರೋಪಿನ ಧರ್ಮಸಭೆಯ ಚರಿತ್ರೆಯಲ್ಲಿ ಈ ಭಯಕ್ಕೆ ಆಸರೆಯಾಗಿ ನಿಂತವರು ಲೀಜ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಹ್ಯೂಬರ್ಟ್. ಅವರು 727ರಲ್ಲಿ ದೈವಾಧೀನರಾದರು. ಹುಚ್ಚು ಪ್ರಾಣಿಗಳಿಂದ ಕಚ್ಚಿಸಿಕೊಂಡವರು ಇಂದಿನ ಬೆಲ್ಜಿಯಂ ದೇಶದ ಆರ್ಡೆನ್ ಕಾಡಿನಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೆ ಶತಮಾನಗಳ ಕಾಲ ಯಾತ್ರೆ ಹೋಗುತ್ತಿದ್ದರು. 'ಸಂತ ಹ್ಯೂಬರ್ಟರ ಕೀಲಿಕೈ' ಎಂದು ಕರೆಯಲಾಗುತ್ತಿದ್ದ ಕಬ್ಬಿಣದ ಮೊಳೆಯೊಂದನ್ನು ಕಾಯಿಸಿ ಗಾಯದ ಮೇಲೆ ಇಡುವ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅಲ್ಲಲ್ಲಿ ಉಳಿದಿತ್ತು. ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಕಚ್ಚಿದ ಕೂಡಲೇ ಗಾಯವನ್ನು ಸುಟ್ಟರೆ ಅಲ್ಲಿರುವ ವಿಷಾಣುಗಳಲ್ಲಿ ಕೆಲವಾದರೂ ನಾಶವಾಗುವ ಸಾಧ್ಯತೆಯಿತ್ತು. ಆದರೆ ಯಾತ್ರಿಕರು ಆ ಕ್ಷೇತ್ರವನ್ನು ತಲುಪುವಷ್ಟರಲ್ಲಿ ಹೆಚ್ಚಿನವರಿಗೆ ಸಮಯ ಮೀರಿರುತ್ತಿತ್ತು.

ಸಮಯ ಮೀರುವುದೆಂದರೇನು? ರೇಬೀಸ್ ವಿಷಾಣು ಜೊಲ್ಲಿನ ಮೂಲಕ ಗಾಯವನ್ನು ಸೇರಿ, ಅಲ್ಲಿಂದ ನರಗಳ ಹಾದಿ ಹಿಡಿದು ಮೆಲ್ಲಮೆಲ್ಲನೆ ಮೆದುಳಿನತ್ತ ಸಾಗುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳು ಬೇಕು. ಆ ಅವಧಿಯಲ್ಲಿ ರೋಗಿಗೆ ಯಾವ ತೊಂದರೆಯೂ ಕಾಣದು, ಗಾಯವೂ ಮಾಯ್ದಿರುತ್ತದೆ. ಆದರೆ ನೀರನ್ನು ಕಂಡರೆ ಗಂಟಲು ಬಿಗಿಯುವ ಲಕ್ಷಣ ಒಮ್ಮೆ ತೋರಿದ ಮೇಲೆ ಸಾವು ಬಹುತೇಕ ನಿಶ್ಚಿತ. ಇಂದಿನ ವೈದ್ಯಶಾಸ್ತ್ರಕ್ಕೂ ಆ ಘಟ್ಟದಲ್ಲಿ ಮದ್ದಿಲ್ಲ. ಮನುಷ್ಯನಿಗೆ ಉಳಿದಿರುವುದು ವಿಷಾಣು ಮೆದುಳನ್ನು ಮುಟ್ಟುವ ಮೊದಲಿನ ಆ ಮೌನದ ದಿನಗಳು ಮಾತ್ರ.

ಆ ಮೌನದ ದಿನಗಳನ್ನು ಮೊದಲು ಬಳಸಿಕೊಂಡವರು ಲೂಯಿ ಪಾಸ್ಚರ್. 1885ರ ಜುಲೈ 6ರಂದು ಅಲ್ಸಾಸ್ ಪ್ರಾಂತ್ಯದ ತಾಯಿಯೊಬ್ಬಳು ಹುಚ್ಚುನಾಯಿ ಕಚ್ಚಿದ್ದ ತನ್ನ ಒಂಬತ್ತು ವರ್ಷದ ಮಗ ಜೋಸೆಫ್ ಮೈಸ್ಟರ್‌ನನ್ನು ಪ್ಯಾರಿಸ್ಸಿಗೆ ಕರೆತಂದಳು. ಅದುವರೆಗೆ ಪಾಸ್ಚರ್ ತಮ್ಮ ಲಸಿಕೆಯನ್ನು ನಾಯಿಗಳ ಮೇಲೆ ಪರೀಕ್ಷಿಸಿದ್ದರು. ಬಾಲಕನಿಗೆ ಹದಿಮೂರು ಬಾರಿ ಲಸಿಕೆ ಚುಚ್ಚಲಾಯಿತು, ಅವನು ಬದುಕಿದ.

ನಮ್ಮ ದೇಶಕ್ಕೆ ಈ ಚಿಕಿತ್ಸೆ ಬಂದದ್ದು 1900ರಲ್ಲಿ, ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ. ದಕ್ಷಿಣದವರು ಅಲ್ಲಿಗೆ ಹೋಗಬೇಕೆಂದರೆ ಹಲವು ದಿನಗಳ ರೈಲು ಪ್ರಯಾಣ. 1902ರಲ್ಲಿ ಲಿಲಿ ಪಕೆನ್‌ಹ್ಯಾಮ್ ವಾಲ್ಶ್ ಎಂಬ ಮಹಿಳೆ ದಕ್ಷಿಣದಲ್ಲಿ ಚಿಕಿತ್ಸೆಯಿಲ್ಲದೆ ಇದೇ ರೋಗದಿಂದ ತೀರಿಕೊಂಡರು. ಆ ಸಾವು ಅನೇಕರ ಮನ ಕಲಕಿತು. ಅಮೆರಿಕದ ಹೆನ್ರಿ ಫಿಪ್ಸ್ ಎಂಬವರು ನೀಡಿದ ಧನಸಹಾಯದಿಂದ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ದಕ್ಷಿಣ ಭಾರತದ ಪಾಸ್ಚರ್ ಸಂಸ್ಥೆ ಆರಂಭವಾಯಿತು. 1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಕುರಿಯ ಮೆದುಳಿನಿಂದ ಸಿದ್ಧಪಡಿಸಿದ ಲಸಿಕೆ ಮುಂದೆ ಹಲವು ದಶಕಗಳ ಕಾಲ ನಮ್ಮ ಬಡವರನ್ನು ಕಾಯಿತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತನ್ನು ನಮ್ಮ ಹಿರಿಯರು ಇಂದಿಗೂ ಮರೆತಿಲ್ಲ. ನೋವಿನ ಜೊತೆಗೆ ಅದರಿಂದ ಕೆಲವರಿಗೆ ನರಗಳ ಬಾಧೆಯೂ ಉಂಟಾಗುತ್ತಿತ್ತು. ಆದುದರಿಂದ 2005ರ ವೇಳೆಗೆ ಭಾರತದಲ್ಲಿ ಅದರ ಬಳಕೆ ನಿಂತಿತು. ಈಗ ಕೊಡುವ ಲಸಿಕೆ ತೋಳಿಗೆ. ನಾಲ್ಕೈದು ಸಲ ಆಸ್ಪತ್ರೆಗೆ ಹೋದರೆ ಮುಗಿಯಿತು.

ಇಷ್ಟೆಲ್ಲ ಇದ್ದರೂ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 59,000 ಮಂದಿ ರೇಬೀಸಿನಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಬಹುಪಾಲು ಸಾವುಗಳಿಗೆ ನಾಯಿಯೇ ಕಾರಣವೆಂಬುದು ನಿಜ. ಆದರೆ ಬಿಸಿರಕ್ತದ ಯಾವ ಸಸ್ತನಿಗೂ ಈ ರೋಗ ತಗಲಬಹುದು, ಮಂಗವೂ ಹೊರತಲ್ಲ. ನಾಯಿಯಾದರೆ ಹತ್ತು ದಿನ ಕಟ್ಟಿಹಾಕಿ ಗಮನಿಸಬಹುದು. ಮಾಳಿಗೆಯಿಂದ ಮಾಳಿಗೆಗೆ ಹಾರಿ ಹೋದ ಮಂಗವನ್ನು ಗಮನಿಸುವವರಾರು? ಆದುದರಿಂದಲೇ ಕಾಡುಪ್ರಾಣಿಯ ಕಡಿತವನ್ನು ವೈದ್ಯರು ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸುತ್ತಾರೆ.

ರೇಬೀಸ್ ಒಂದೇ ಅಲ್ಲ. ಗ್ರೀಸ್ ದೇಶದ ದೊರೆ ಅಲೆಕ್ಸಾಂಡರ್ 1920ರ ಅಕ್ಟೋಬರ್ 2ರಂದು ಅರಮನೆಯ ತೋಟದಲ್ಲಿ ಸಾಕಿದ ಮಂಗವೊಂದರಿಂದ ಕಚ್ಚಿಸಿಕೊಂಡರು. ಗಾಯ ಕೊಳೆತು, ನಂಜು ರಕ್ತಕ್ಕೇರಿ, ಅಕ್ಟೋಬರ್ 25ರಂದು ಇಪ್ಪತ್ತೇಳರ ಹರೆಯದಲ್ಲಿ ಮರಣ ಹೊಂದಿದರು. ದೊರೆಗೆ ವೈದ್ಯರ ಕೊರತೆಯಿರಲಿಲ್ಲ, ಆದರೆ ನಂಜನ್ನು ತಡೆಯುವ ಇಂದಿನ ಔಷಧಗಳು ಆಗ ಇರಲಿಲ್ಲ. 1932ರಲ್ಲಿ ಅಮೆರಿಕದ ಯುವ ವೈದ್ಯ ವಿಲಿಯಂ ಬ್ರೆಬ್ನರ್ ಪ್ರಯೋಗಾಲಯದ ಮಂಗ ಕಚ್ಚಿ ತೀರಿಕೊಂಡರು. ಅವರ ಹೆಸರಿನ ಮೊದಲ ಅಕ್ಷರದಿಂದಲೇ ಆ ವಿಷಾಣುವನ್ನು 'ಬಿ ವೈರಸ್' ಎಂದು ಕರೆದರು. ಮಂಗಕ್ಕೆ ಅದರಿಂದ ಹೆಚ್ಚಿನ ಬಾಧೆಯಿಲ್ಲ, ಮನುಷ್ಯನಿಗೆ ತಗುಲುವುದೂ ಬಲು ಅಪರೂಪ. ತಗುಲಿದರೆ ಮಾತ್ರ ಮೆದುಳಿಗೇ ಆಪತ್ತು. 2024ರಲ್ಲಿ ಹಾಂಗ್‌ಕಾಂಗಿನಲ್ಲಿ ಕಾಡುಮಂಗಗಳಿಂದ ಗಾಯಗೊಂಡ ಒಬ್ಬರಲ್ಲಿ ಇದು ಕಾಣಿಸಿಕೊಂಡಿತು. ಅದೇ ಊರಿನ ಉದ್ಯಾನಗಳಲ್ಲಿ ಜನರು ಉಣಿಸಿ ಉಣಿಸಿ ಮಂಗಗಳ ಹಿಂಡು ಬೆಳೆದುದರಿಂದ ಸರ್ಕಾರ 1999ರಲ್ಲೇ ಅವುಗಳಿಗೆ ಆಹಾರ ನೀಡುವುದನ್ನು ನಿಷೇಧಿಸಿತ್ತು.

ನಮ್ಮ ಕರ್ನಾಟಕದ ಚರಿತ್ರೆಯಲ್ಲೂ ಮರೆಯಲಾಗದ ಒಂದು ಅಧ್ಯಾಯವಿದೆ. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಹೈದರಾಬಾದ್ ಸಂಸ್ಥಾನದ ನೆಲದಿಂದ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಅದಾಗಿ ಕೆಲವೇ ತಿಂಗಳಲ್ಲಿ, 1957ರಲ್ಲಿ, ಅದೇ ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳ ಜನ ವಿಪರೀತ ಜ್ವರ, ತಲೆನೋವು, ರಕ್ತಸ್ರಾವಗಳಿಂದ ಮಲಗಿದರು. ಆಫ್ರಿಕಾದ ಹಳದಿ ಜ್ವರವೇ ಭಾರತಕ್ಕೆ ಬಂದಿತೇ ಎಂದು ವಿಜ್ಞಾನಿಗಳು ಆತಂಕಪಟ್ಟರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿಗೇ ಬಂದು ಪರೀಕ್ಷಿಸಿದಾಗ ಅದು ಜಗತ್ತು ಅದುವರೆಗೆ ಕಾಣದಿದ್ದ ಹೊಸ ವಿಷಾಣು ಎಂದು ತಿಳಿಯಿತು. ಹರಡುತ್ತಿದ್ದುದು ಮಂಗದ ಕಡಿತವಲ್ಲ, ಕಾಡಿನ ಉಣುಗು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿದು, ಆ ಹಾದಿಯಲ್ಲಿ ಸೌದೆಗೆ, ದನಕ್ಕೆ, ತರಗೆಲೆಗೆ ಹೋದವರನ್ನು ಹಿಡಿಯುತ್ತಿದ್ದವು. ಕ್ಯಾಸನೂರು ಕಾಡಿನ ಕಾಯಿಲೆ ಎಂದು ಜಗತ್ತು ಅದನ್ನು ಕರೆಯಿತು, ನಮ್ಮ ಮಲೆನಾಡಿನವರು ಮಂಗನ ಕಾಯಿಲೆ ಎಂದರು.

ನಮ್ಮ ಬೀದರ ಬಯಲುಸೀಮೆ. ಮಂಗನ ಕಾಯಿಲೆ ಮಲೆನಾಡಿನ ಕಾಡಿನ ರೋಗ, ಆದುದರಿಂದ ಇಲ್ಲಿ ಭಯಪಡುವ ಕಾರಣವಿಲ್ಲ. ಆದರೆ ಅದು 2012ರಲ್ಲಿ ಬಂಡೀಪುರದ ಸುತ್ತ ತಲೆದೋರಿತು, ಮುಂದೆ ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲೂ ಕಂಡಿತು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವು ಮನೆಗಳ ದೀಪ ಆರಿಸಿತು. 1990ರಿಂದ ಕೊಡುತ್ತಿದ್ದ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಮಲೆನಾಡಿನ ಬಂಧುಗಳಿದ್ದವರು ಒಂದು ಮಾತು ನೆನಪಿಡಬೇಕು: ಸತ್ತ ಮಂಗವನ್ನು ಕಂಡರೆ ಸಮೀಪ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಮಂಗಗಳ ಹಿಂಡನ್ನು ಅಂಗಳಕ್ಕೆ ಕರೆಯುವುದು ಅಲ್ಲಿ ಉಣುಗನ್ನೂ ಕರೆದಂತೆಯೇ.

ಹಾಗಾದರೆ ಮಂಗಗಳು ಊರಿಗೇಕೆ ಬರುತ್ತವೆ? ಕಾಡು ಕರಗಿತು, ಹೊಲ ಬೆಳೆಯಿತು ಎಂಬುದು ಒಂದು ಕಾರಣ. ನಾವೇ ಕರೆಯುತ್ತೇವೆ ಎಂಬುದು ಇನ್ನೊಂದು. ಮಂಗ ಕಾಡಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಇಡೀ ದಿನ ಅಲೆಯಬೇಕು, ಬಿಸ್ಕತ್ತು ಬಾಳೆಹಣ್ಣುಗಳಿದ್ದಲ್ಲಿ ಅರ್ಧ ಗಂಟೆ ಸಾಕು. ಹೊಟ್ಟೆ ಸುಲಭವಾಗಿ ತುಂಬಿದಂತೆ ಮರಿಗಳ ಸಂಖ್ಯೆ ಏರುತ್ತದೆ, ಮನುಷ್ಯನ ಭಯ ಇಳಿಯುತ್ತದೆ. ಇಂದು ಕೊಟ್ಟದ್ದನ್ನು ನಾಳೆ ಅದು ಬೇಡುತ್ತದೆ, ನಾಡಿದ್ದು ಕಿತ್ತುಕೊಳ್ಳುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವ ಮಗುವಿನ ಪ್ರೀತಿ ಮಂಗದ ಭಾಷೆಯಲ್ಲಿ ಸವಾಲು. ಕೊಟ್ಟ ಕೈಯನ್ನು ಹಿಂದೆಳೆದಾಗ ಉಗುರು ಏಳುವುದು ದ್ವೇಷದಿಂದಲ್ಲ, ಅದರ ಸ್ವಭಾವದಿಂದ. 2007ರಲ್ಲಿ ದೆಹಲಿಯ ಉಪಮಹಾಪೌರರು ತಮ್ಮ ಮನೆಯಲ್ಲೇ ಮಂಗಗಳಿಂದ ತಪ್ಪಿಸಿಕೊಳ್ಳಲು ಹೋಗಿ ಮೇಲಿಂದ ಬಿದ್ದು ತೀರಿಕೊಂಡದ್ದನ್ನು ಪತ್ರಿಕೆಗಳಲ್ಲಿ ಓದಿದ ನೆನಪು ಹಲವರಿಗಿರಬಹುದು.

ರೋಗ ಒಂದೇ ದಿಕ್ಕಿನಲ್ಲಿ ಹರಿಯುವುದೂ ಇಲ್ಲ. ನಮ್ಮ ಕ್ಷಯ, ನಮ್ಮ ಭೇದಿಯ ಕ್ರಿಮಿಗಳು ಮಂಗಗಳಿಗೂ ತಗಲಬಲ್ಲವು. ನಾವು ಕೊಡುವ ಸಿಹಿ ಮತ್ತು ಉಪ್ಪಿನ ತಿನಿಸು ಅವುಗಳ ಹಲ್ಲು, ಹೊಟ್ಟೆಗಳನ್ನು ಕೆಡಿಸುತ್ತದೆ. ರಸ್ತೆಯ ಬದಿಯಲ್ಲಿ ತಿನಿಸಿಗಾಗಿ ಕಾದು ಕುಳಿತ ತಾಯಿಮಂಗ ವಾಹನಕ್ಕೆ ಸಿಕ್ಕಿ ಸತ್ತು, ಮರಿ ಅದನ್ನು ಅಪ್ಪಿ ಕುಳಿತ ನೋಟವನ್ನು ಒಮ್ಮೆ ಕಂಡವರು ಬಾಳೆಹಣ್ಣು ಎಸೆಯಲಾರರು. ಕೆಲಸ ಅರಸಿ ಹೈದರಾಬಾದು, ಮುಂಬಯಿಗಳಿಗೆ ಹೋದ ನಮ್ಮ ಕುಟುಂಬಗಳು ಬಾಲ್ಕನಿಯಲ್ಲಿ ಪಾರಿವಾಳಗಳಿಗೆ ಜೋಳ ಚೆಲ್ಲುವುದುಂಟು. ಅವುಗಳ ಒಣಗಿದ ಹಿಕ್ಕೆಯ ಧೂಳು ಉಸಿರಿನೊಂದಿಗೆ ಒಳಸೇರಿ ಕೆಲವರ ಶ್ವಾಸಕೋಶವನ್ನು ಶಾಶ್ವತವಾಗಿ ಗಡುಸಾಗಿಸುತ್ತದೆ. ಮುಂಬಯಿಯಲ್ಲಿ 2025ರಲ್ಲಿ ಪಾರಿವಾಳಗಳ ಸಾರ್ವಜನಿಕ ತಾಣಗಳನ್ನು ಮುಚ್ಚುವ ವಿಚಾರ ಉಚ್ಚ ನ್ಯಾಯಾಲಯದವರೆಗೂ ಹೋಯಿತು.

ಅಸ್ಸಿಸಿಯ ಸಂತ ಫ್ರಾನ್ಸಿಸರು ಗುಬ್ಬಿಯೋ ಊರಿನ ತೋಳವನ್ನು ಪಳಗಿಸಿದ ಕಥೆಯನ್ನು ಈಗ ಕೆಲವರು ನೆನಪಿಸಬಹುದು. ಊರಿನವರು ಆ ತೋಳಕ್ಕೆ ಮನೆಮನೆಯಲ್ಲಿ ಉಣಿಸಿದರಲ್ಲವೇ? ಹೌದು. ಆದರೆ ಕಥೆಯ ಮೊದಲ ಭಾಗವನ್ನು ನಾವು ಮರೆಯುತ್ತೇವೆ. ಸಂತರು ಮೊದಲು ಮಾಡಿದ್ದು ಒಪ್ಪಂದ. ಊರಿಗೂ ಒಂದು ಕರ್ತವ್ಯ, ತೋಳಕ್ಕೂ ಒಂದು ಕರ್ತವ್ಯ, ಇಬ್ಬರ ಕ್ಷೇಮಕ್ಕೂ ಒಂದು ಮೇರೆ. ಮೇರೆಯಿಲ್ಲದೆ ಒಡ್ಡಿದ ಕೈಗೆ ಆ ಕಥೆಯಲ್ಲಿ ಆಧಾರವಿಲ್ಲ. ನಮ್ಮ ಹಿಂದೂ ನೆರೆಹೊರೆಯವರು ಮಂಗದಲ್ಲಿ ಮಾರುತಿಯನ್ನು ಕಾಣುತ್ತಾರೆ. ಆ ಭಕ್ತಿಯನ್ನು ಗೌರವಿಸೋಣ, ಆ ಗೌರವದಿಂದಲೇ ಈ ಮಾತನ್ನು ಅವರೊಂದಿಗೂ ಹಂಚಿಕೊಳ್ಳೋಣ. ಆಕಾಶದ ಪಕ್ಷಿಗಳನ್ನು ಪರಲೋಕದ ತಂದೆ ಸಲಹುತ್ತಾರೆಂದು ಪ್ರಭು ಯೇಸು ಕಲಿಸಿದರು. ಕಾಡಿನ ಜೀವಿಗಳಿಗೆ ದೇವರು ಇಟ್ಟ ಊಟದ ಮನೆ ಕಾಡು. ಅದನ್ನು ಕಡಿದು ಬಿಸ್ಕತ್ತು ಕೊಡುವುದಕ್ಕಿಂತ ಹೊಲದ ಬದುವಿನಲ್ಲಿ ಒಂದು ಅತ್ತಿಯ ಗಿಡ, ಒಂದು ನೇರಳೆಯ ಗಿಡ ನೆಡುವುದು ದೊಡ್ಡ ದಾನ.

ಕೊನೆಯದಾಗಿ, ಪ್ರತಿ ಮನೆಯಲ್ಲೂ ತಿಳಿದಿರಬೇಕಾದ ಮಾತು. ಮಂಗವಾಗಲಿ, ನಾಯಿಯಾಗಲಿ, ಮುಂಗುಸಿಯಾಗಲಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆಗೆ ಗಾಯಕ್ಕೇ ಕೊಡುವ ಪ್ರತಿವಿಷದ ಬಗ್ಗೆ ವೈದ್ಯರನ್ನು ಕೇಳಿ. ಮೊದಲ ಇಂಜೆಕ್ಷನ್ನಿಗೆ ನಿಲ್ಲಿಸದೆ ಹೇಳಿದ ದಿನಗಳಂದು ಎಲ್ಲವನ್ನೂ ಮುಗಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ಹೆದರಿ ಗಾಯ ಮುಚ್ಚಿಡದಂತೆ ನೋಡಿಕೊಳ್ಳಿ. ಸಂತಪುರದ ಹುಡುಗ ಕೈಯನ್ನು ಜೇಬಿನಲ್ಲಿ ಅಡಗಿಸಿದ್ದು ಗಾಯದ ನೋವಿಗಲ್ಲ, ಮನೆಯ ಬೈಗುಳಕ್ಕೆ.

ಅವನ ಪ್ರಶ್ನೆಗೆ ನಾನು ತಡವಾಗಿಯಾದರೂ ಉತ್ತರ ಕೊಟ್ಟೆ. ಕೊಡುವುದು ತಪ್ಪಲ್ಲ ಮಗು, ಪಡೆಯುವವನಿಗೂ ಕೊಡುವವನಿಗೂ ಯಾವುದರಿಂದ ಒಳಿತು ಎಂದು ತಿಳಿಯದೆ ಕೊಡುವುದು ತಪ್ಪು ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. ಆ ಮಳೆಗಾಲದಲ್ಲಿ ಚರ್ಚಿನ ಹಿಂದಿನ ಜಾಗದಲ್ಲಿ ನಾವಿಬ್ಬರೂ ಸೇರಿ ಒಂದು ನೇರಳೆ ಸಸಿ ನೆಟ್ಟೆವು.